ಎಂಟನೆಯ ದಿನದ ಜ್ವರ

ಎದುರು ಕೋಣೆಯ ಹುಡುಗಿ ಮೂರು ದಿನದಿಂದ ಬಿಂದಿಗೆಯನ್ನು ಎಡ ಸೊಂಟಕ್ಕೆ ಏರಿಸುತ್ತಿರಲಿಲ್ಲ. ಬಲಕ್ಕೆ ಇಟ್ಟುಕೊಳ್ಳುತ್ತಿದ್ದಳು. ಅಭ್ಯಾಸವಿಲ್ಲದ ಪಕ್ಕವಾದ್ದರಿಂದ ನೀರು ತುಳುಕಿ, ನಲ್ಲಿಯಿಂದ ಅವಳ ಬಾಗಿಲವರೆಗೆ ಒಂದು ಒದ್ದೆ ಗೆರೆ ಬೀಳುತ್ತಿತ್ತು.

ಶಿವಮೊಗ್ಗದ ನಮ್ಮ ವಠಾರಕ್ಕೆಲ್ಲ ಒಂದೇ ನಲ್ಲಿ. ಅದರ ಮುಂದೆ ದಿನವೂ ನಿಲ್ಲುವವರಿಗೆ ಒಬ್ಬರ ವಿಷಯ ಒಬ್ಬರಿಗೆ ತಿಳಿಯದಂತೆ ಇರುವುದು ಕಷ್ಟ. ಆ ಕಷ್ಟದ ವಿದ್ಯೆಯಲ್ಲಿ ನಾನು ಪಳಗಿದವಳು. ಆದರೂ ಮನಸ್ಸು ತಾನಾಗಿ ದಿನ ಎಣಿಸಿತು. ಸಿಡುಬಿನ ಲಸಿಕೆಯ ದಾಕು ಹಾಕುವವರು ನಮ್ಮ ಬೀದಿಗೆ ಬಂದುಹೋದದ್ದು ಹಿಂದಿನ ಮಂಗಳವಾರ. ಅಂದು ಮತ್ತೆ ಮಂಗಳವಾರ. ಹಾಕಿಸಿಕೊಂಡ ದಿನವನ್ನೂ ಸೇರಿಸಿದರೆ ಎಂಟನೆಯ ದಿನ.

ಹುಡುಗಿ ತಿಪಟೂರು ಕಡೆಯವಳು. ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಬಂದು ಎರಡು ತಿಂಗಳಾಗಿತ್ತು. ಅವಳನ್ನು ನೋಡಲು ಯಾರೂ ಬಂದದ್ದು ನಾನು ಕಂಡಿಲ್ಲ.

"ಕೈಗೆ ಏನಾಯ್ತು?" ಎಂದೆ.

"ಏನಿಲ್ಲ ಅಕ್ಕ, ಬಿಂದಿಗೆ ಭಾರ ಅಷ್ಟೆ," ಎನ್ನುತ್ತ ಸೆರಗನ್ನು ಎಡತೋಳಿನ ಮೇಲೆ ಎಳೆದುಕೊಂಡಳು.

ಹಾಗೆ ಎಳೆದುಕೊಳ್ಳುವುದನ್ನು ನಾನು ಬಲ್ಲೆ. "ಹೌದಾ" ಎಂದು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಅದನ್ನೂ ಬಲ್ಲೆ.

ನಾಲ್ಕು ವರ್ಷದ ಹಿಂದೆ ಭದ್ರಾವತಿಯಲ್ಲಿ, ನ್ಯೂಟೌನಿನ ಅಂಚಿನ ಒಂದು ಬಾಡಿಗೆ ಕೋಣೆಯಲ್ಲಿ ಇದ್ದೆ. ಸಸ್ಯಶಾಸ್ತ್ರದಲ್ಲಿ ಪದವಿ ಮುಗಿಸಿ, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಅಮ್ಮ ತೀರಿಹೋಗಿದ್ದರು. ಅಪ್ಪ, "ಮದುವೆ ಬೇಡ, ಕೆಲಸವೇ ಬೇಕು ಅಂದ್ರೆ ಮನೆಗೆ ಕಾಗದ ಬರೀಬೇಡ" ಎಂದಿದ್ದರು. ಹಿರಿಯರ ಮಾತು ಮೀರುವವಳಲ್ಲ ನಾನು, ಬರೆಯಲಿಲ್ಲ.

ಆ ವರ್ಷ ಸುತ್ತಮುತ್ತ ಸಿಡುಬಿನ ಸುದ್ದಿಯಿತ್ತು. ಶಾಲೆಯಲ್ಲಿ ದಾಕು ಹಾಕಿಸಬೇಕೆಂದು ಆಜ್ಞೆ ಬಂತು. ತಾಯಂದಿರು ಒಪ್ಪುತ್ತಿರಲಿಲ್ಲ. ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು, "ನೀವು ಸೈನ್ಸ್ ಓದಿದೋರು. ಮೊದಲು ನೀವು ಹಾಕಿಸ್ಕೊಳ್ಳಿ, ಎಲ್ರೂ ನೋಡ್ಲಿ" ಎಂದರು.

ಇಲ್ಲಿ ನಮ್ಮ ಅಜ್ಜಿಯ ವಿಷಯ ಹೇಳಬೇಕು. ನಾನು ಮಗುವಾಗಿದ್ದಾಗಲೇ ನನಗೆ ದಾಕು ಹಾಕಿದ್ದರಂತೆ. ಹಾಕಿದವನು ಬೀದಿಯ ತಿರುವು ದಾಟುವಷ್ಟರಲ್ಲಿ ಅಜ್ಜಿ ನನ್ನ ತೋಳಿಗೆ ಸೀಗೆಪುಡಿ ಹಚ್ಚಿ ತಿಕ್ಕಿ ತೊಳೆದುಬಿಟ್ಟರಂತೆ. ಮನೆಯಲ್ಲಿ ಇದನ್ನು ಅಜ್ಜಿಯ ಜಾಣತನವೆಂದು ಹೇಳಿಕೊಂಡು ನಗುತ್ತಿದ್ದರು. ನಾನೂ ಎಷ್ಟೋ ಸಲ ನಕ್ಕಿದ್ದೆ. ಅದರಿಂದಾಗಿ, ಇಪ್ಪತ್ತಮೂರು ವರ್ಷಕ್ಕೆ ನನ್ನದು ಮೊದಲ ದಾಕು.

ಶಾಲೆಯ ಅಂಗಳದಲ್ಲಿ, ನೂರಾರು ಕಣ್ಣುಗಳ ಮುಂದೆ, ಹಲ್ಲಿದ್ದ ಸಣ್ಣ ಬಿಲ್ಲೆಯನ್ನು ನನ್ನ ತೋಳಿಗೆ ಒತ್ತಿ ತಿರುಗಿಸಿದರು. "ನೋಡ್ರೇ, ನಿಮ್ ಟೀಚರ್ ಅಳ್ತಾರಾ? ಇರುವೆ ಕಚ್ಚಿದ ಹಾಗೆ ಮಾರಾಯ್ತಿ, ಅಷ್ಟೆ!" ಎಂದು ದಾಕು ಹಾಕುವವನು ಮುಂದಿನ ಸಾಲಿನ ಹುಡುಗಿಯನ್ನು ಛೇಡಿಸಿದ. ಎಲ್ಲರೂ ನಕ್ಕರು. ನಾನೂ ನಗುಮುಖ ಮಾಡಿದೆ.

ಐದನೆಯ ದಿನ ಗುಳ್ಳೆ ಎದ್ದಿತು. ಏಳನೆಯ ದಿನ ಅದು ಕೀವಾಗಿ, ಕಂಕುಳಲ್ಲಿ ಗಡ್ಡೆ ಕಟ್ಟಿ, ತೋಳು ಎತ್ತಲಾಗಲಿಲ್ಲ. ಜ್ವರ ಬಂತು. ಇದೆಲ್ಲ ಆಗುವುದೇ ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು. ಹೇಳುವವರು ಇರಲಿಲ್ಲ, ಕೇಳುವ ಬಾಯಿ ನನಗಿರಲಿಲ್ಲ. ಗ್ರಂಥಾಲಯದಿಂದ ದಪ್ಪನೆಯ ವೈದ್ಯಪುಸ್ತಕ ತಂದೆ. ಓದು ಬಂದವರ ದಡ್ಡತನ ಅದು. ಅಪರೂಪಕ್ಕೆ ಮಿದುಳಿಗೆ ಬಾವು ಬರಬಹುದೆಂದು ಅದರಲ್ಲಿತ್ತು. 'ಅಪರೂಪ' ಎನ್ನುವ ಮಾತು ಒಂಟಿ ಕೋಣೆಯಲ್ಲಿ ಕುಳಿತು ಓದುವವರಿಗೆ ಕಾಣಿಸುವುದಿಲ್ಲ.

ಕಾರ್ಖಾನೆಯ ಸೈರನ್ ಕೂಗಿದಾಗಲೆಲ್ಲ ಥರ್ಮಾಮೀಟರ್ ಇಟ್ಟುಕೊಂಡು ಒಂದು ನೋಟುಬುಕ್ಕಿನಲ್ಲಿ ಬರೆದೆ. ಗುಳ್ಳೆಯ ಅಗಲವನ್ನು ಸ್ಕೇಲಿನಿಂದ ಅಳೆದೆ. ಮಿದುಳು ನೆಟ್ಟಗಿದೆಯೇ ಎಂದು ನೋಡಲು ಸಸ್ಯಕುಟುಂಬಗಳ ಹೆಸರುಗಳನ್ನು ಒಪ್ಪಿಸಿಕೊಂಡೆ. ಒಂದು ಹೆಸರು ಎಷ್ಟು ಹೊತ್ತಾದರೂ ನೆನಪಾಗದೆ ಬೆವತುಹೋದೆ. ಪರೀಕ್ಷೆಯಲ್ಲೂ ಅದೇ ಹೆಸರು ಬಿಟ್ಟುಬಂದಿದ್ದೆನೆಂಬುದು ಆಮೇಲೆ ಹೊಳೆಯಿತು. ಕೊನೆಗೆ ಒಂದು ಚೀಟಿಯಲ್ಲಿ ಅಪ್ಪನ ವಿಳಾಸ ಬರೆದು ಟ್ರಂಕಿನ ಮೇಲಿಟ್ಟೆ. ಕಾಗದ ಬರೆಯಬೇಡ ಎಂದಿದ್ದರು. ವಿಳಾಸ ಬರೆಯಬೇಡ ಎಂದಿರಲಿಲ್ಲ.

ಎಂಟನೆಯ ದಿನದ ಸಂಜೆ. ಯಾರೋ ಬಾಗಿಲು ತಟ್ಟಿದರು. ನಮ್ಮ ಶಾಲೆಯ ಸರೋಜಳ ತಾಯಿ ರಂಗಮ್ಮ. ಗಂಡ ಕಾರ್ಖಾನೆಯಲ್ಲಿ ಕೂಲಿ. ಹಿಂದಿನ ಓಣಿಯಲ್ಲೇ ಮನೆ. ಕಂಕುಳಲ್ಲಿ ಮೂರು ವರ್ಷದ ಕಿರಿಯವಳು, ಮಂಜುಳ.

"ನಾಳೆ ಸರೋಜನ ಕ್ಲಾಸಿಗೆ ದಾಕಂತೆ ಟೀಚರಮ್ಮ. ನಿಮಗೆ ಹಾಕಿ ವಾರ ಆಯ್ತಲ್ಲ, ಏನಾದ್ರೂ ಆಯ್ತಾ?"

ನಾನು ಬಾಗಿಲನ್ನು ಅರ್ಧ ಮಾತ್ರ ತೆರೆದಿದ್ದೆ. "ಏನೂ ಆಗಲಿಲ್ಲ. ಇರುವೆ ಕಚ್ಚಿದ ಹಾಗೆ, ಅಷ್ಟೆ."

"ಮುಖ ಯಾಕೋ ಕೆಂಪಗೈತಲ್ಲ?"

"ಒಲೆ ಮುಂದೆ ಇದ್ದೆ."

ಆ ಒಲೆ ಹೊತ್ತಿಸಿ ಎರಡು ದಿನವಾಗಿತ್ತು.

ಯಾಕೆ ಸುಳ್ಳು ಹೇಳಿದೆ ಎಂದು ನೀವು ಕೇಳಬಹುದು. ನಿಜ ಹೇಳಿದರೆ ಒಂದು ಮಗುವಿಗೂ ದಾಕು ಹಾಕಿಸುವುದಿಲ್ಲ, ಅದಕ್ಕೇ ಹೇಳಿದೆ ಎಂದು ಬಹಳ ದಿನ ನಂಬಿದ್ದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕಿಂತ ಮುಂಚೆ ಇನ್ನೊಂದಿತ್ತು. ಜ್ವರ ಎಂದಿದ್ದರೆ ರಂಗಮ್ಮ ಒಳಗೆ ಬರುತ್ತಿದ್ದಳು. ಬಾಚದ ತಲೆ, ತೊಳೆಯದ ಲೋಟ, ಟ್ರಂಕಿನ ಮೇಲಿನ ಚೀಟಿ, ಎಲ್ಲವನ್ನೂ ನೋಡುತ್ತಿದ್ದಳು. ಮಗುವನ್ನು ಕೆಳಗಿಳಿಸಿ ಗಂಜಿಗೆ ಇಡುತ್ತಿದ್ದಳು. ಅದನ್ನು ನಾನು ತಾಳಲಾರದವಳಾಗಿದ್ದೆ.

ನನ್ನ ಜ್ವರ ಮರುದಿನವೇ ಇಳಿಯಿತು. ಮೂರನೆಯ ವಾರ ಹೊಪ್ಪಳೆ ಉದುರಿತು. ಚೀಟಿ ಹರಿದು ಹಾಕಿದೆ.

ಸರೋಜಳಿಗೂ ಎಂಟನೆಯ ದಿನ ಜ್ವರ ಬಂದಿತು, ತೋಳು ಊದಿತು. ಟೀಚರಿಗೆ ಏನೂ ಆಗದೆ ನಮ್ಮ ಮಗುವಿಗೆ ಮಾತ್ರ ಹೀಗೇಕೆ ಎಂದು ಮನೆಯವರು ಹೆದರಿದರು. ಸಿಡುಬಿನ ಅಮ್ಮ ಮುನಿದಿದ್ದಾಳೆ ಎಂದು ಬಾಗಿಲಿಗೆ ಬೇವು ಸಿಕ್ಕಿಸಿದರು. ಅವಳು ನಾಲ್ಕು ದಿನದಲ್ಲಿ ಎದ್ದು ಓಡಾಡಿದಳು. ಆದರೆ ತಿಂಗಳ ಕೊನೆಯಲ್ಲಿ ದಾಕು ಹಾಕುವವರು ಓಣಿಗೆ ಬಂದಾಗ, ಮಂಜುಳಳನ್ನು ಓಲ್ಡ್ ಟೌನಿನ ನೆಂಟರ ಮನೆಗೆ ಕಳಿಸಿ, ಮನೆಯಲ್ಲಿ ಚಿಕ್ಕ ಮಕ್ಕಳೇ ಇಲ್ಲ ಎಂದರು.

ಬೇಸಿಗೆಯ ಹೊತ್ತಿಗೆ ಆ ಓಣಿಗೆ ನಿಜವಾದ ಸಿಡುಬು ಬಂತು. ಮಂಜುಳ ಹನ್ನೊಂದು ದಿನ ಮಲಗಿದ್ದು ತೀರಿಹೋದಳು. ಅದೇ ಚಾಪೆಯ ಮೇಲೆ ಮಲಗುತ್ತಿದ್ದ ಸರೋಜಳಿಗೆ ಒಂದು ಗುಳ್ಳೆಯೂ ಏಳಲಿಲ್ಲ.

ರಂಗಮ್ಮ ಶಾಲೆಗೆ ಬಂದದ್ದು ಜೂನ್ ತಿಂಗಳಲ್ಲಿ, ಸರೋಜಳ ರಜೆ ಚೀಟಿ ಕೊಡಲು. ಜಗಳಕ್ಕೆ ಬಂದಿರಲಿಲ್ಲ. ಧ್ವನಿ ಏರಿಸಲೂ ಇಲ್ಲ.

"ಜ್ವರ ಬರುತ್ತೆ, ತೋಳು ಊದುತ್ತೆ, ಹೆದರಬೇಡ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು ಟೀಚರಮ್ಮ. ಕಾಯ್ತಿದ್ವಿ. ಚಿಕ್ಕದಕ್ಕೂ ಹಾಕಿಸ್ತಿದ್ವಿ."

"ನನಗೂ ಜ್ವರ ಬಂದಿತ್ತು ರಂಗಮ್ಮ. ನೀವು ಬಂದ ದಿನವೇ."

"ಗೊತ್ತು. ಬಾಗಿಲಲ್ಲಿ ನಿಂತಾಗ ನಿಮ್ಮ ಉಸಿರು ಬಿಸಿಬಿಸಿ ತಾಗ್ತಿತ್ತು." ರಜೆ ಚೀಟಿಯನ್ನು ಮೇಜಿನ ಮೇಲಿಟ್ಟಳು. "ಓದಿದೋರು ಯಾಕೆ ಸುಳ್ಳು ಹೇಳ್ತಾರೆ ಅಂದ್ಕೊಂಡು ಹೋದೆ."

ಮುಂದಿನ ವರ್ಷ ನಾನು ಶಿವಮೊಗ್ಗಕ್ಕೆ ಬಂದೆ. ಕೆಲಸ ಬದಲಾಯಿತು, ಊರು ಬದಲಾಯಿತು. ನೋಟುಬುಕ್ಕು ಮಾತ್ರ ಟ್ರಂಕಿನ ತಳದಲ್ಲಿ ಉಳಿಯಿತು. ಅದರಲ್ಲಿ ಎಂಟನೆಯ ದಿನದ ಹಾಳೆಯಲ್ಲಿ 'ನೂರಾ ಎರಡು' ಎಂದಿದೆ. ಬಾಗಿಲು ತಟ್ಟಿದವರ ಹೆಸರು ಬರೆದಿಲ್ಲ.

ಬಿಂದಿಗೆಯ ವಿಷಯ ಕೇಳಿ ಒಳಗೆ ಬಂದ ಆ ಸಂಜೆ, ನೀರಿನ ಗೆರೆ ಆರುವವರೆಗೂ ಕಿಟಕಿಯಿಂದ ನೋಡುತ್ತ ಕುಳಿತಿದ್ದೆ. ನಾಳೆ ಇಳಿದೀತು, ಎಲ್ಲರಿಗೂ ಇಳಿಯುತ್ತದೆ, ಇನ್ನೊಬ್ಬರ ಕೋಣೆಯ ವಿಷಯ ನನಗೇಕೆ ಎಂದುಕೊಂಡೆ. ನನ್ನ ಸಭ್ಯತೆ ಅಷ್ಟು ಚೆನ್ನಾಗಿ ವಾದ ಮಾಡುತ್ತದೆ.

ಮರುದಿನ ಬೆಳಿಗ್ಗೆ ನಲ್ಲಿ ಬರುವ ಮೊದಲೇ ನೋಟುಬುಕ್ಕು ಹಿಡಿದು ಎದುರು ಬಾಗಿಲು ತಟ್ಟಿದೆ. ಅರ್ಧ ತೆರೆಯಿತು. ಮುಖ ಕೆಂಪಗಿತ್ತು. "ಏನಿಲ್ಲ ಅಕ್ಕ..." ಎಂದಳು. ನಾನು ಕುಪ್ಪಸದ ತೋಳು ಮೇಲೆ ಸರಿಸಿ ನನ್ನ ಕಲೆ ತೋರಿಸಿದೆ. ನೋಟುಬುಕ್ಕನ್ನು ಎಂಟನೆಯ ದಿನಕ್ಕೆ ತೆರೆದು ಅವಳ ಕೈಗೆ ಕೊಟ್ಟೆ. "ಇದು ನನ್ನದು. ಒಂಬತ್ತನೆಯ ದಿನದ ಹಾಳೆಯನ್ನೂ ಓದು. ಇವತ್ತು ಇಳಿಯದಿದ್ದರೆ ಸಂಜೆ ನಾನೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ" ಎಂದೆ. ಅವಳು ಓದಲು ತಲೆ ಬಗ್ಗಿಸಿದಳು. ನಾನು ಅಪ್ಪಣೆ ಕೇಳದೆ ಒಳಗೆ ಹೋಗಿ, ತಣ್ಣಗಿದ್ದ ಒಲೆಯ ಬೂದಿ ತೆಗೆದು, ಇದ್ದಿಲು ತುಂಬಿ, ಗಂಜಿಗೆ ಇಟ್ಟೆ.