ರಂಗದ ಮೇಲೆ ಬೂಟು

ನಮ್ಮ ಮನೆಯ ಬಾಗಿಲ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬಿ ಎಂಟು ದಿನದಿಂದ ಕೂತಿದೆ. ಕಸ ಗುಡಿಸುವಾಗಲೆಲ್ಲ ಅದರಿಂದ ಹೊಸ ಬೂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ, ನನಗೆ ಮೈಯೆಲ್ಲ ಉರಿಯುತ್ತದೆ. ಆಲ್ದೂರಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ಅಪ್ಪಯ್ಯನಿಗೆಂದು ತಂದದ್ದು. ಅವರು ಒಂದು ಸಲವೂ ಕಾಲಿಗೆ ಹಾಕಿಲ್ಲ. ನೀವೇ ಹೇಳಿ, ಮಗಳು ತಂದ ಬೂಟಿನ ಮೇಲೆ ಯಾರಾದರೂ ಇಷ್ಟು ಹಟ ಸಾಧಿಸುತ್ತಾರೆಯೇ?

ಈ ಹಟದ ಮೂಲ ಹುಡುಕಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು. ಕಾಲೇಜಿನವರು ವಿನಿಮಯ ವಿದ್ಯಾರ್ಥಿನಿ ಎಂದು ಆರು ತಿಂಗಳು ನನ್ನನ್ನು ಅಲ್ಲಿಗೆ ಕಳಿಸಿದ್ದರು. ಕಲಿಯಬೇಕಾದದ್ದು ನಾಟಕ ಕಟ್ಟುವ ಕೆಲಸ: ಸೆಟ್ಟು, ಲೈಟು, ಪರದೆ. ನಮ್ಮೂರು ಮಲ್ಲಂದೂರಿನಲ್ಲಿ ಇದನ್ನು ಯಾರಿಗೂ ಅರ್ಥ ಮಾಡಿಸಲಾಗಲಿಲ್ಲ. "ಹಂಗಾದ್ರೆ ಸಿನಿಮಾದಲ್ಲಿ ಯಾವಾಗ ಬರ್ತೀಯೆ?" ಎಂದವರಿಗೆಲ್ಲ ವಿವರಿಸಿ ವಿವರಿಸಿ ಸಾಕಾಗಿ, ಕೊನೆಗೆ "ಮುಂದಿನ ವರ್ಷ" ಎನ್ನತೊಡಗಿದೆ.

ಅಲ್ಲಿ ಮೊದಲ ದಿನವೇ ಎಡವಟ್ಟು. ಮುಂಭಾಗಕ್ಕೆ ಕಬ್ಬಿಣ ಕೂರಿಸಿದ ಭಾರದ ಬೂಟು ಕೊಟ್ಟರು. ರಂಗದ ಅಂಚಿನಲ್ಲಿ ಅದನ್ನು ಬಿಚ್ಚಿಟ್ಟು, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ಏಣಿ ಹೊತ್ತೆ. ನಮ್ಮಲ್ಲಿ ಚಪ್ಪಲಿ ಕಾಲಲ್ಲಿ ರಂಗ ಹತ್ತುವವರುಂಟೇ? ಪಾಠ ಹೇಳುವ ಮಾರ್ಥಾ ಮೇಡಂ ಕಿಟಾರನೆ ಕಿರುಚಿದರು. ಎರಡನೇ ದಿನವೂ ಅದೇ ಆಯಿತು. ಮೂರನೇ ಸಲ ನನ್ನ ಮೇಲೊಂದು ದೂರಿನ ಫಾರಂ ತುಂಬಿ, "ಇನ್ನೊಮ್ಮೆ ಬರಿಗಾಲಲ್ಲಿ ಕಂಡರೆ ಊರಿಗೆ ಹೋಗುವವರೆಗೂ ವೇಷದ ಬಟ್ಟೆ ಒಗೆಯುತ್ತಿರು" ಎಂದರು.

ಅಪ್ಪಯ್ಯನಿಗೆ ಫೋನ್ ಮಾಡಿದೆ. ಅವರು ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ. ವರ್ಷಕ್ಕೊಮ್ಮೆ ನಮ್ಮ ಶಾಲೆ ಮೈದಾನದಲ್ಲಿ ಆಡುವ ನಾಟಕಕ್ಕೆ ನಾನು ಹುಟ್ಟುವ ಮೊದಲಿಂದಲೂ ಪರದೆ ಎಳೆಯುವವರು. ಸಮಾಧಾನ ಹೇಳುತ್ತಾರೆಂದುಕೊಂಡರೆ, "ಹಂಗಾದ್ರೆ ಬಂದ್ಬಿಡು ಪುಟ್ಟಿ" ಎಂದು ಫೋನಿಟ್ಟರು. ಇಂಥವರ ಜೊತೆ ಏಗುವುದು ಹೇಗೆ?

ಬೂಟು ಹಾಕಿದೆ, ಮನಸ್ಸಿನಲ್ಲೇ ಹಲಗೆಯ ಕ್ಷಮೆ ಕೇಳಿದೆ. ಒಂದು ಮಧ್ಯಾಹ್ನ ಸೆಟ್ಟು ಬಿಚ್ಚುವಾಗ ಕಬ್ಬಿಣದ ಪೈಪೊಂದು ಕೈಜಾರಿ ನನ್ನ ಬಲಗಾಲಿನ ಮೇಲೆ ಬಿತ್ತು. ಬೂಟು ನೆಗ್ಗಿತು, ಬೆರಳು ಐದೂ ಉಳಿದವು. ಅಂದಿನಿಂದ ಬೂಟಿನ ವಿಷಯದಲ್ಲಿ ನಾನು ಮಾರ್ಥಾ ಮೇಡಂಗಿಂತ ಕಟ್ಟುನಿಟ್ಟಾದೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ಹಾಗೆ.

ಈ ವರ್ಷ ಊರಿನ ನಾಟಕದ ಜವಾಬ್ದಾರಿ ನನಗೇ ಬಂತು. ಸುತ್ತ ಕಬ್ಬಿಣದ ಪೈಪು, ತಲೆಯ ಮೇಲೆ ಲೈಟು. ರಂಗ ಕಟ್ಟುವವರು, ಪರದೆ ಎಳೆಯುವವರು ಬರಿಗಾಲಲ್ಲಿ ಹತ್ತಕೂಡದು ಎಂದೆ. ನಾಟಕದ ದಿನ ರಂಗದ ಮೇಲೆ ಅಪ್ಪಯ್ಯ ನಾನು ಕೊಟ್ಟ ಡಬ್ಬಿಯೊಳಗೆ ಇಣುಕಿ ನೋಡಿದರು. "ತೋಟದಲ್ಲಿ ಜಿಗಣೆ ಇರ್ತವೆ, ಗಂಬೂಟು ಹಾಕ್ತೀನಿ. ಇಲ್ಲಿ ಯಾವ ಜಿಗಣೆ ಇದಾವೆ ಮಾರಾಯ್ತಿ?"

ಎಲ್ಲರೂ ನಕ್ಕರು. ನನಗೆ ರೇಗಿತು. "ಹಾಕ್ಕೊಂಡ್ರೆ ಮೇಲೆ ಬನ್ನಿ ಅಪ್ಪಯ್ಯ, ಇಲ್ದಿದ್ರೆ ಕೆಳಗೇ ಇರಿ."

ಅಪ್ಪಯ್ಯ ಪರದೆಯ ಹಗ್ಗವನ್ನು ಗೂಟಕ್ಕೆ ಸುತ್ತಿ, ಇಳಿದು ಹೋಗಿ ಮೈದಾನದ ಬೆಂಚಿನ ಮೇಲೆ ಕೂತರು.

ಸಂಜೆ ಪರದೆ ಎಳೆದದ್ದು ಬೂಟು ಹಾಕಿದ ಲೈಟಿನವನು. ಯಾವ ದೃಶ್ಯಕ್ಕೆ ಎಷ್ಟು ನಿಮಿಷ ಎಂದು ಇಂಗ್ಲೆಂಡಿನಲ್ಲಿ ಕಲಿತ ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಗಡಿಯಾರ ನೋಡಿ ಕೈಸನ್ನೆ ಮಾಡಿದೆ. ಮಗನ ಹೆಣದ ಮುಂದೆ ಕೂತ ತಾಯಿಯ ಪಾತ್ರದವಳು ಕೊನೆಯ ಮಾತಿಗೆಂದು ಬಾಯಿ ತೆರೆದಿದ್ದಳು, ಪರದೆ ಬಿದ್ದೇಬಿಟ್ಟಿತು. ಜನ ಶಿಳ್ಳೆ ಹೊಡೆದರು. ಅಪ್ಪಯ್ಯ ಬೆಂಚಿನಿಂದೆದ್ದು ಮನೆಗೆ ನಡೆದರು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಇವತ್ತು ಬೆಳಿಗ್ಗೆ ನಾನೇ ಸೋತು ರಾಜಿಗೆ ಹೋದೆ. "ಮುಂದಿನ ವರ್ಷ ಹಗ್ಗ ಉದ್ದ ಮಾಡಿಸ್ತೀನಿ. ನೆಲದ ಮೇಲೆ ನಿಂತೇ ಎಳೀಬಹುದು. ಬೂಟೂ ಬೇಡ, ಏನೂ ಬೇಡ."

ಕೆಲಸಕ್ಕೆ ಹೊರಟಿದ್ದ ಅಪ್ಪಯ್ಯ ತಲೆಯಾಡಿಸಿದರು. "ಅಲ್ಲಿಂದ ಪಾತ್ರ ಮಾಡೋರ ಉಸಿರು ಕೇಳಲ್ಲ ಪುಟ್ಟಿ. ಮಾತು ಮುಗ್ಸಿ ಒಂದು ಉಸಿರು ಬಿಡ್ತಾರೆ ನೋಡು, ಅದು ಕೇಳಿದ್ಮೇಲೆ ನಾನು ಎಳೆಯೋದು."

ಇಷ್ಟು ಹೇಳಿ ತೋಟದ ದಾರಿ ಹಿಡಿದರು. ಬೆರಳಿನ ವಿಷಯದಲ್ಲಿ ನಾನು ಹೇಳಿದ್ದೇ ಸರಿ, ಈಗಲೂ ಅದನ್ನೇ ಹೇಳುತ್ತೇನೆ. ಆದರೂ ನಾಚಿಕೆಯಾಯಿತು. ಪರದೆ ಎಳೆಯುವುದನ್ನು ಕಲಿಯಲು ಸಮುದ್ರ ದಾಟಿ ಹೋಗಿ ಬಂದವಳು, ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿರುವ ಮನುಷ್ಯನನ್ನು "ನೀವು ಪರದೆ ಹೇಗೆ ಎಳೆಯುತ್ತೀರಿ?" ಎಂದು ಒಂದು ಸಲವೂ ಕೇಳಿರಲಿಲ್ಲ.