ಕರಿ ಎಳೆಯ ಕಡೆ

ಸಂತೆಯಲ್ಲಿ ಎದುರಿಗೆ ಹೆಂಗಸರು ಬಂದರೆ ನಾನು ಮುಖ ನೋಡುವುದಿಲ್ಲ, ಸೆರಗು ನೋಡುತ್ತೇನೆ. ಕರಿ ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಗೆರೆಯ ಮೇಲೆ ಕಣ್ಣು ಹೋಗಿ ನಿಲ್ಲುತ್ತದೆ. ಒಬ್ಬಾಕೆ ಒಮ್ಮೆ ಜಗಳಕ್ಕೇ ಬಂದಳು. ಹೇಳಿ ತಿಳಿಸುವ ಮಾತಲ್ಲ, ಸುಮ್ಮನೆ ಬೈಸಿಕೊಂಡು ಬಂದೆ. ನಾನು ಹುಡುಕುವುದು ಒಂದೇ ಸೀರೆ. ಅದು ಇಷ್ಟೊತ್ತಿಗೆ ಹರಿದು ಯಾರದೋ ಕೌದಿಯಾಗಿರಬೇಕು, ಗೊತ್ತಿದೆ. ಆದರೂ ಕಣ್ಣು ಮಾತು ಕೇಳುವುದಿಲ್ಲ.

ಅಪ್ಪ ನಿಜಾಮನ ಮೊಗಲಾಯಿ ಕಡೆಯಿಂದ ಮಗ್ಗದ ಸಾಮಾನು ಚಕ್ಕಡಿಗೆ ಹೇರಿಕೊಂಡು ಇಳಕಲ್ಲಿಗೆ ಬಂದಾಗ ನಾನು ಅವ್ವನ ಮಡಿಲ ಕೂಸು. ಊರೊಳಗೆ ಜಾಗ ಸಿಗಲಿಲ್ಲ. ಊರು ಮುಗಿದಲ್ಲಿ ಎರೆಭೂಮಿಯ ಬಯಲಿತ್ತು. ನೆರಳಿಗೊಂದು ಗಿಡವಿಲ್ಲ, ಗಾಳಿ ಮಾತ್ರ ಬೇಕಾದಷ್ಟು. ಅಲ್ಲಿ ನಮ್ಮಂತೆ ಬಂದ ನೇಕಾರರು ಮಣ್ಣಿನ ಗೋಡೆ ಎಬ್ಬಿಸಿ, ಮನೆಯೊಳಗೆ ಕುಣಿ ತೋಡಿ ಮಗ್ಗ ಹೂಡಿದ್ದರು. ಊರಿನವರು ನಮ್ಮನ್ನು ಬಯಲಿನವರು ಅನ್ನುತ್ತಿದ್ದರು. ಹಾಗೆ ಅನ್ನುವಾಗ ಅವರ ಮೂಗು ಸ್ವಲ್ಪ ಮೇಲಾಗುತ್ತಿತ್ತು.

ಪಕ್ಕದ ಮನೆ ಬಾದಾಮಿ ಕಡೆಯಿಂದ ಬಂದ ಮುಸಲ್ಮಾನ ನೇಕಾರರದು. ಆ ಮನೆಯ ಹುಡುಗಿ ನನ್ನ ಗೆಳತಿ. ನಮ್ಮಲ್ಲಿ ತೆಲುಗು, ಅವರಲ್ಲಿ ಉರ್ದು, ನಮ್ಮಿಬ್ಬರ ನಡುವೆ ಬಯಲಿನಲ್ಲಿ ಕಲಿತ ಕನ್ನಡ. ಅವಳಿಗೆ ಸಿಟ್ಟು ಬೇಗ, ನನಗೆ ಇನ್ನೂ ಬೇಗ. ದಿನಾ ಟೂ ಬಿಡುತ್ತಿದ್ದೆವು, ಸಂಜೆಗೆ ಮತ್ತೆ ಒಂದೇ ರೊಟ್ಟಿ ಮುರಿದು ತಿನ್ನುತ್ತಿದ್ದೆವು.

ಇಳಕಲ್ ಸೀರೆಯ ಒಡಲಿನ ಉದ್ದೆಳೆಗಳ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುವುದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ನಮ್ಮ ಬಯಲಿನಲ್ಲಿ ಇಬ್ಬರು ಎದುರುಬದುರು ಕೂಡುತ್ತಿದ್ದರು. ಒಬ್ಬರು ಕರಿ ಎಳೆ ಚಾಚಿದರೆ ಇನ್ನೊಬ್ಬರು ಅದರೊಳಗೆ ಕೆಂಪು ತೂರಿಸುತ್ತಿದ್ದರು. ಶುರು ಮಾಡಿದ ಕೈಗಳೇ ಮುಗಿಸಬೇಕು. ಕೈ ಬದಲಾದರೆ ಬಿಗಿ ಬದಲಾಗುತ್ತದೆ.

ಗೆಳತಿಯ ಮನೆಯಲ್ಲಿ ಈ ಕಟ್ಟಳೆ ಇನ್ನೂ ಬಿರುಸು. ಅವಳ ಅಜ್ಜಿ ಅರ್ಧ ಕೊಂಡಿ ಹಾಕಿ ಹಾಸಿಗೆ ಹಿಡಿದಾಗ ಮಗ್ಗ ಹಾಗೇ ನಿಂತಿತು. ಅವ್ವ ತಾನು ಕೂಡುತ್ತೇನೆ ಅಂದಳು. ಗೆಳತಿಯ ತಾಯಿ ಒಪ್ಪಲಿಲ್ಲ. ಅವಳನ್ನು ನಾನು ಖಾಲಾ ಅನ್ನುತ್ತಿದ್ದೆ.

"ಬ್ಯಾಡ ಅಕ್ಕಾ, ಆಕಿ ಇನ್ನಾ ಉಸಿರಾಡಾಕತ್ತಾಳ," ಅಂದಳು ಖಾಲಾ.

ಕೊಂಡಿ ಅರ್ಧಕ್ಕಿದ್ದಾಗ ಬದುಕಿರುವವರ ಜಾಗದಲ್ಲಿ ಇನ್ನೊಬ್ಬರು ಕೂಡುವುದು ಅವರಲ್ಲಿ ಇರಲಿಲ್ಲ. ಅಜ್ಜಿಯನ್ನು ಮಣ್ಣು ಮಾಡಿ ಬಂದ ಮೇಲೆ ಗೆಳತಿ ಕರಿ ಎಳೆಯ ಕಡೆ ಕೂತು ಮುಗಿಸಿದಳು. ಸತ್ತವರ ಜಾಗಕ್ಕೆ ಅದೇ ಮನೆಯವರು. ಮುಂದೆ ಖಾಲಾಳ ಕಣ್ಣಿಗೆ ಎಳೆ ಕಾಣದಂತಾಗಿ, ಹೊಸ ಸೀರೆಯಿಂದ ಕೆಂಪಿನ ಕಡೆ ನನ್ನನ್ನು ಕೂಡಿಸಿದರು. ನಾವಿಬ್ಬರೂ ಜೋಡಿಯಾದೆವು.

ಆ ವರ್ಷ ಊರೊಳಗೆ ಇಲಿ ಸತ್ತು ಬೀಳತೊಡಗಿದವು. ಪ್ಲೇಗಿನ ಗಂಟುಬೇನೆಗೆ ಹೆದರಿ ಊರಿನವರು ಮನೆಗೆ ಕೀಲಿ ಹಾಕಿ, ಗುಡಿಸಲು ಕಟ್ಟಲು ನಮ್ಮ ಬಯಲಿಗೇ ಬಂದರು. ಮೂಗು ಮೇಲೆತ್ತಿದವರು ಅವ್ವನಲ್ಲಿ ಒಲೆಗೆ ಕೆಂಡ ಕೇಳಿಕೊಂಡು ನಿಲ್ಲುತ್ತಿದ್ದರು. ನಮ್ಮಿಬ್ಬರಿಗೂ ಅದು ಭಾಳ ಮಜಾ ಅನಿಸಿತು. ಬೇನೆಯೂ ಅವರ ಜೊತೆಗೇ ಬಂದಿದೆಯೆಂದು ನಮಗೇನು ಗೊತ್ತು.

ಒಂದು ಮಧ್ಯಾಹ್ನ, ಕೊಂಡಿ ಅರ್ಧಕ್ಕೆ ಬಂದಾಗ, ಗೆಳತಿ ತಲೆ ಸಿಡಿಯುತ್ತದೆ ಅಂತ ಎದ್ದಳು.

"ನನ್ನ ಜಾಗಾದಾಗ ಯಾರನ್ನೂ ಕೂಡಸಬ್ಯಾಡ. ನಾಳಿ ಬರ್ತೇನಿ."

"ಜಲ್ದಿ ಬಾ. ನಾ ಏನ್ ಕಾಯಕೋತ ಕೂಡೂದಿಲ್ಲ," ಅಂದೆ.

ಮರುದಿನ ಅವ್ವ ನನ್ನನ್ನು ಹೊಸ್ತಿಲು ದಾಟಗೊಡಲಿಲ್ಲ. ಆಮೇಲೊಂದು ದಿನ, "ಆಕಿ ಬಾದಾಮಿಗೆ ಹೋಗ್ಯಾಳ, ಮಾಮಾನ ಮನಿಗೆ," ಅಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ನಂಬಿದೆ. ನಂಬದಿದ್ದರೆ ಬದುಕುವುದು ಹೇಗೆ ಅಂತ ಆ ವಯಸ್ಸಿಗೂ ತಿಳಿದಿತ್ತೇನೋ.

ಮತ್ತೆ ಆ ಮನೆಗೆ ಹೋಗಲು ಬಿಟ್ಟಾಗ ಮಗ್ಗ ನಿಂತೇ ಇತ್ತು. ಕೊಂಡಿ ಕಾಣದ ಕರಿ ಎಳೆಗಳು ಗಾಳಿಗೆ ಅಲುಗುತ್ತಿದ್ದವು. ಗೆಳತಿ ಕೂಡುವಲ್ಲಿ ನೆಲ ಸವೆದು ನುಣ್ಣಗಾಗಿತ್ತು. ನಾನು ದಿನಾ ಹೋಗಿ ಎದುರಿಗೆ ಕೂಡುತ್ತಿದ್ದೆ. ಒಮ್ಮೊಮ್ಮೆ ಒಂದು ಎಳೆ ತಾನಾಗಿ ನನ್ನ ಕಡೆಗೆ ಚಾಚಿದಂತಾಗುತ್ತಿತ್ತು. ನನಗೆ ಹೆದರಿಕೆಯಾಗಲಿಲ್ಲ, ಸಂತೋಷವಾಯಿತು. ನನ್ನ ಲೆಕ್ಕ ಸರಳವಾಗಿತ್ತು: ಆ ಜಾಗ ಖಾಲಿ ಇದೆ, ಅಂದರೆ ಅವಳು ಇದ್ದಾಳೆ. ಓಣಿಯ ಹೆಂಗಸೊಬ್ಬಳು ಕನಿಕರದಿಂದ ಅಲ್ಲಿ ಕೂಡಲು ಬಂದಾಗ ನಾನು ಅವಳ ಕೈ ಕಚ್ಚಿದೆ. ಖಾಲಾ ಬಾಗಿಲಲ್ಲಿ ನಿಂತು ನೋಡಿದಳು.

ಮಾರನೆಯ ದಿನ ಖಾಲಾ ಕೈ ತೊಳೆದುಕೊಂಡು, ಸೀರೆಗೆ ಒರೆಸಿಕೊಂಡು ಬಂದು, ಕರಿ ಎಳೆಯ ಕಡೆ ಕೂತಳು.

"ಅದು ಆಕಿ ಜಾಗಾ, ಖಾಲಾ," ಅಂದೆ.

"ಹೌದವಾ," ಅಂದಳು. ಏಳಲಿಲ್ಲ.

ಎಳೆ ಕಾಣದ ಕಣ್ಣಿನ ಅವಳು ಬೆರಳಿನಿಂದ ತಡವಿ ತಡವಿ ಒಂದು ಎಳೆ ಹುಡುಕಿದಳು. ಅದನ್ನು ನನ್ನ ಕಡೆ ಚಾಚಿ ಹಿಡಿದಳು. ನನ್ನ ಕೈ ಮೇಲೇಳಲಿಲ್ಲ. ಅವಳೂ ಕೈ ಇಳಿಸಲಿಲ್ಲ.

"ತೊಗೋ, ಮಗಳ."

ನಾನು ಕೆಂಪು ತೂರಿಸಿದೆ. ಎಳೆ ಸಡಿಲ ಬಂತು. ಮುಂದಿನದೂ ಸಡಿಲ. ಹಾಗೇ ಕೊನೆಯ ಎಳೆಯವರೆಗೂ ಮುಗಿಸಿದೆವು.

ಆ ಸೀರೆ ಯಾರ ಮೈಮೇಲೆ ಹೋಯಿತೋ ತಿಳಿಯದು. ಇಂದು ಕೈಗೆ ಸಿಕ್ಕರೂ ಸಾಕು, ನೋಡುವುದೇ ಬೇಡ. ಕರಿ ಕೆಂಪು ಕೂಡಿದ ಗೆರೆಯ ಮೇಲೆ ಬೆರಳಾಡಿಸಿ, ಅವಳು ತಲೆ ಹಿಡಿದುಕೊಂಡು ಎದ್ದುಹೋದದ್ದು ಎಲ್ಲಿ ಅಂತ ತೋರಿಸುತ್ತೇನೆ.