ನನ್ನ ಬೆರಳನ್ನು ಗುರುತಿಸದ ಬಾಗಿಲು

ಮುಂಬೈಗೆ ಬಂದ ಮರುದಿನ ಬೆಳಿಗ್ಗೆ ಗಂಡ ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ತಿರುಗಿ ನಿಂತು, "ಹೊರಗ ಹೋಗಬ್ಯಾಡ. ಹೋದ್ರ ಒಳಗ ಬರಾಕ ಆಗಂಗಿಲ್ಲ" ಎಂದರು. ತಮಾಷೆ ಎಂದುಕೊಂಡೆ. ಅವರ ಬೆನ್ನ ಹಿಂದೆ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಅದಕ್ಕೆ ಕೀಲಿಯೂ ಇಲ್ಲ, ಕೊಂಡಿಯೂ ಇಲ್ಲ. ಹೊರಗೆ ಅಂಗೈಯಗಲದ ಕಪ್ಪು ಗಾಜು. ಗುರುತಿನ ಬೆರಳು ಇಟ್ಟರೆ ತೆರೆಯುತ್ತದೆ. ಗಂಡನ ಬೆರಳು ಅದಕ್ಕೆ ಗೊತ್ತಿತ್ತು, ನನ್ನದು ಗೊತ್ತಿರಲಿಲ್ಲ. ಗೊತ್ತುಮಾಡಿಸುವುದು ಮನೆಯ ಮಾಲೀಕರ ಮೊಬೈಲಿನಿಂದ ಮಾತ್ರ ಸಾಧ್ಯವಂತೆ. "ಸಾವಕಾರ್ರಿಗೆ ಕೇಳತೀನಿ ತಡಿ" ಎಂದಿದ್ದರು.

ಗಂಡ ಈರಣ್ಣ ನಮ್ಮ ಗಡಿ ಊರು ಜತ್ತದಲ್ಲಿ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಬಳಿ ಬಹಳ ವರ್ಷ ದುಡಿದವರು. ಆ ಸಾವಕಾರರೇ ಮುಂಬೈಯ ವಹಿವಾಟು ನೋಡಿಕೊಳ್ಳಲು ಅವರನ್ನು ಕಳಿಸಿ, ಇರಲು ತಮ್ಮದೇ ಫ್ಲ್ಯಾಟು ಕೊಟ್ಟಿದ್ದರು. ಪವಯಿ ಕೆರೆಯ ಬದಿಯ ಎತ್ತರದ ಕಟ್ಟಡ. ಸೋಫಾ, ಮಂಚ, ಪರದೆ, ಚಮಚದವರೆಗೆ ಎಲ್ಲ ಮೊದಲೇ ಜೋಡಿಸಿಟ್ಟ ಮನೆ. ಊರಿನಲ್ಲಿ ಎಲ್ಲರೂ ನನ್ನ ಪುಣ್ಯ ಎಂದರು. ನಾನು ಜತ್ತದ ಪೇಟೆಯಲ್ಲಿದ್ದ ನನ್ನ ಹೊಲಿಗೆ ಅಂಗಡಿಯ ಶಟರ್ ಎಳೆದು ಬಂದೆ.

ಎಲ್ಲ ಇರುವ ಮನೆಯಲ್ಲಿ ನಮ್ಮದೊಂದು ವಸ್ತು ಇಡಲು ಜಾಗ ಹುಡುಕುವುದು ಎಷ್ಟು ಕಷ್ಟ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಗುಡ್ಡಾಪುರದ ದಾನಮ್ಮ ದೇವಿಯ ಫೋಟೋವನ್ನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಒಲೆ ಕರಿ ಗಾಜಿನದು, ಉರಿಯೇ ಕಾಣುವುದಿಲ್ಲ. ನನ್ನ ರೊಟ್ಟಿ ಅದರ ಮೇಲೆ ಉಬ್ಬದೆ ಹಪ್ಪಳದಂತೆ ಸೆಟೆದುಕೊಂಡಿತು. ಕಿಟಕಿ ನಾಲ್ಕು ಬೆರಳಷ್ಟು ತೆರೆದು ನಿಂತುಬಿಡುತ್ತದೆ. ಅದರಿಂದ ಕೆರೆ ಕಾಣುತ್ತದೆ, ಅದರ ಗಾಳಿ ಬರುವುದಿಲ್ಲ. ಜತ್ತದ ಬೇಸಿಗೆಯಲ್ಲಿ ಬಿಸಿಗಾಳಿಯನ್ನು ಬೈದುಕೊಂಡೇ ಬೆಳೆದವಳು ನಾನು. ಇಲ್ಲಿ ತಣ್ಣಗಿನ ಕೋಣೆಯಲ್ಲಿ ಕೂತು ಆ ಬಿಸಿಗಾಳಿಗಾಗಿ ಹಂಬಲಿಸಿದೆ.

ಅಂಗಡಿಯಲ್ಲಿದ್ದಾಗ ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಬಿಡುವಿರಲಿಲ್ಲ. ಒಬ್ಬಳು ಕನ್ನಡದಲ್ಲಿ ತೋಳಿನ ಅಳತೆ ಹೇಳಿದರೆ ಇನ್ನೊಬ್ಬಳು ಮರಾಠಿಯಲ್ಲಿ ಅತ್ತೆಯ ದೂರು ಹೇಳುತ್ತಿದ್ದಳು. ಇಲ್ಲಿ ಎದುರು ಮನೆಯವರ ಮುಖವನ್ನೇ ನಾನು ಕಂಡಿರಲಿಲ್ಲ. ಮಧ್ಯಾಹ್ನಗಳಲ್ಲಿ ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಲ್ಲುತ್ತಿದ್ದೆ, ಒಂದು ಕಾಲು ಒಳಗೇ ಇಟ್ಟುಕೊಂಡು. ಉದ್ದನೆಯ ಓಣಿಯಂಥ ಜಾಗ, ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಸಂಜೆ ಗಂಡ ಬಂದಾಗ ಬೆರಳಿನ ಮಾತು ಎತ್ತಿದರೆ, "ಸಾವಕಾರ್ರು ಗಡಿಬಿಡ್ಯಾಗ ಅದಾರ, ಕೇಳತೀನಿ" ಎನ್ನುತ್ತಿದ್ದರು. ಹೀಗೆಯೇ ಮಳೆಗಾಲ ಕಳೆಯಿತು.

ಒಂದು ದಿನ ಅವ್ವ ಜತ್ತದ ಬಸ್ಸಿನಲ್ಲಿ ನನಗೊಂದು ಗಂಟು ಕಳಿಸಿದ್ದಳು. ಅದನ್ನು ತಂದ ಊರಿನ ಹುಡುಗ ಗೇಟಿನಲ್ಲಿ ನಿಂತು ಫೋನು ಮಾಡಿದ. ಅವ್ವ ಕಳಿಸಿದ್ದು ಎಂದ ಕೂಡಲೇ ನನಗೆ ಬಾಗಿಲು ನೆನಪಾಗಲಿಲ್ಲ, ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಬಿಟ್ಟಿದ್ದೂ ನೆನಪಾಗಲಿಲ್ಲ. ಲಿಫ್ಟಿನಲ್ಲಿ ಇಳಿದು ಗಂಟು ಇಸಿದುಕೊಂಡೆ. ಜೋಳದ ಹಿಟ್ಟು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ. ಮೇಲೆ ಬಂದು ಬಾಗಿಲ ಮುಂದೆ ನಿಂತಾಗಲೇ ಬೆರಳಿನ ಮಾತು ನೆನಪಾಯಿತು. ಸುಮ್ಮನೆ ಒಂದೊಂದೇ ಬೆರಳು ಒತ್ತಿ ನೋಡಿದೆ. ಪ್ರತಿ ಸಲವೂ ಕೆಂಪು ದೀಪ.

ಮತ್ತೆ ಕೆಳಗಿಳಿದು ಕಾವಲುಗಾರನಿಗೆ ಮರಾಠಿಯಲ್ಲಿ ಹೇಳಿದೆ. ಆತ ಪಟ್ಟಿ ನೋಡಿ ಆ ಮನೆಗೆ ಸಾವಕಾರರ ಹೆಸರಿದೆ, ನನ್ನದಿಲ್ಲ ಎಂದ. ಆಮೇಲೆ ಮೆತ್ತಗಿನ ದನಿಯಲ್ಲೇ, "ಮಾವಶಿ, ಯಾರ ಮನೆ ಕೆಲಸಕ್ಕೆ ಬಂದದ್ದು?" ಎಂದು ಕೇಳಿದ. ನಮ್ಮಲ್ಲಿ ಮಾವಶಿ ಎಂದರೆ ಅವ್ವನ ತಂಗಿ. ಮಡಿಲಲ್ಲಿ ಮಲಗಿಸಿಕೊಂಡು ತಲೆ ಸವರುವವಳು. ಈ ಕಟ್ಟಡಗಳಲ್ಲಿ ಪಾತ್ರೆ ತೊಳೆಯಲು ಬರುವ ಎಲ್ಲ ಹೆಂಗಸರಿಗೂ ಅದೇ ಹೆಸರು. ಗಂಡನ ನಂಬರ್ ಬಾಯಿಪಾಠವಿರಲಿಲ್ಲ. ಕೆಲಸದವರು ಕಾಯುವ ಬೆಂಚು ತೋರಿಸಿದ. ಕೂತೆ. ಬೆಂಚಿನ ಬಗ್ಗೆ ನನಗೆ ಬೇಸರವಿಲ್ಲ. ಅಲ್ಲಿ ಪಕ್ಕದಲ್ಲಿದ್ದ ಹೆಂಗಸು ಸರಿದು ಜಾಗ ಕೊಟ್ಟಳು, ಆ ಕಟ್ಟಡದಲ್ಲಿ ನನಗೆ ಜಾಗ ಕೊಟ್ಟ ಮೊದಲನೆಯವಳು. ಆದರೆ ಇಲ್ಲಿ ನಾನು ಯಾರೆಂದು ಹೇಳಲು ಗಂಡನೇ ಬರಬೇಕಲ್ಲ ಎಂದು ಸಿಟ್ಟು ಬಂತು.

ದೀಪ ಹಚ್ಚುವ ಹೊತ್ತಿಗೆ ಕಾರು ಬಂತು. ಗಂಡನ ಜೊತೆ, ಊರಿನಿಂದ ಬಂದಿದ್ದ ಸಾವಕಾರರೂ ಇಳಿದರು. ಬೆಂಚಿನ ಮೇಲೆ ನನ್ನನ್ನು ಕಂಡು ಗಂಡ ಅಲ್ಲೇ ನಿಂತುಬಿಟ್ಟರು. ನಾನು ಗಂಟು ಹಿಡಿದುಕೊಂಡೇ ಎದ್ದೆ.

"ಸಾವಕಾರ್ರ, ನನ್ನ ಬೆರಳ ಆ ಬಾಗಲಕ್ಕ ಗುರ್ತ ಮಾಡ್ಸಿ ಕೊಡ್ರಿ. ಇಲ್ಲಾಂದ್ರ ನಾ ಹಿಂಗ ಜತ್ತದ ಗಾಡಿ ಹತ್ತತೀನಿ."

ಅವರು ಬೆರಗಾದರು. "ಅಲ್ಲವ್ವಾ, ಇನ್ನೂ ಮಾಡಿಲ್ಲೇನು? ಎರಡ ಮಿನಿಟಿನ ಕೆಲಸ ಅದು. ಈರಣ್ಣಾ, ನೀ ಒಮ್ಮಿನೂ ಹೇಳೇ ಇಲ್ಲಲ್ಲೋ!"

ಗಂಡ ಹೋಗಿ ಲಿಫ್ಟಿನ ಗುಂಡಿ ಒತ್ತಿದರು.

ಮೇಲೆ ಹೋಗಿ ಬೆರಳಿಟ್ಟರೆ ಆ ಗಾಜು ಒಪ್ಪಲೊಲ್ಲದು. ಸೂಜಿ, ಕತ್ತರಿ ಹಿಡಿದು ನನ್ನ ಬಲಗೈ ಬೆರಳ ತುದಿಗಳೆಲ್ಲ ಸವೆದಿದ್ದವು. ಕೊನೆಗೆ ಎಡಗೈಯ ಉಂಗುರ ಬೆರಳಿಗೆ ಹಸಿರು ದೀಪ ಹತ್ತಿತು. ಸಾವಕಾರರು ಚಹಾ ಕುಡಿದು ಹೋದರು.

"ಯಾಕ ಕೇಳಲಿಲ್ರೀ?" ಎಂದು ಗಂಡನನ್ನು ಕೇಳಿದೆ.

ಅವರು ಚಹಾದ ಕಪ್ಪು ಎತ್ತಿಟ್ಟರು. "ಮನಿ ಕೊಟ್ಟಾರ, ಮತ್ತೇನ ಕೇಳೂದು ಅನಸ್ತು. ಏನರೆ ಬೇಡಿದ್ರ, ಇವ್ರಿಗೆ ಇದು ಹೆಚ್ಚಾತು ಅಂದ್ರ? ನನಗೂ ಇಲ್ಲಿ ಅಂಜಿಕಿ ಬರತೈತಿ. ಆ ಬಿಳಿ ಸೋಫಾದ ಮ್ಯಾಲ ನಾ ಕುಂತದ್ದ ನೋಡೀಯೇನು?"

ನೋಡಿರಲಿಲ್ಲ. ಅವರು ಯಾವಾಗಲೂ ಅಡುಗೆಮನೆಯ ಸ್ಟೂಲಿನ ಮೇಲೆಯೇ ಉಣ್ಣುತ್ತಿದ್ದರು. ಸಿಟ್ಟು ಇಳಿಯಲಿಲ್ಲ, ಆದರೆ ಅದರೊಳಗೆ ಮರುಕವೂ ಸೇರಿತು. ಬಾಗಿಲು ತೆರೆಯುವ ಬೆರಳಿದ್ದರೂ ಅವರೂ ಒಳಗೇ ಸಿಕ್ಕಿಕೊಂಡಿದ್ದರು.

ಮರುದಿನದಿಂದ ನಾನು ಹೊರಗೆ ತಿರುಗಿದೆ. ತೊಳೆದಿಟ್ಟಂಥ ರಸ್ತೆಗಳು, ಹೊದಿಕೆ ತೊಟ್ಟ ನಾಯಿಗಳು, ಗಾಜಿನ ಕಾಫಿ ಅಂಗಡಿಗಳು. ಕೊಳ್ಳದೆ ಸುಮ್ಮನೆ ಕೂರಲು ಒಂದು ಕಟ್ಟೆ ಇಲ್ಲ. ತಿರುಗಿ ಬಂದು ಅದೇ ಸೋಫಾದ ಎದುರು ನಿಂತಾಗ ಅರ್ಥವಾಯಿತು, ಬಾಗಿಲು ತೆರೆದರೂ ನನಗೆ ಹೋಗಲು ಎಲ್ಲಿಯೂ ಇರಲಿಲ್ಲ. ದೀಪಾವಳಿಗೆ ಮೊದಲು ಗಂಡನಿಗೆ ಹೇಳಿದೆ: "ನಾ ಜತ್ತದಾಗ ಮತ್ತ ಅಂಗಡಿ ತೆಗಿತೀನಿ. ತಿಂಗಳಿಗೊಮ್ಮಿ ಬರತೀನಿ, ಊಟಾ ಬಿಡಬ್ಯಾಡ್ರಿ." ಅವರು ಬೇಡ ಎನ್ನಲಿಲ್ಲ. ಬಸ್ಸಿನವರೆಗೆ ಬಂದರು, ಚೀಲವನ್ನು ಕೈಯಿಂದ ಬಿಡಲು ತಡಮಾಡಿದರು.

ಈಗ ಹಾಗೆಯೇ ನಡೆದಿದೆ. ಮುಂಬೈಯಲ್ಲಿದ್ದಾಗ ಅಂಗಡಿಯ ಚಿಂತೆ, ಜತ್ತದಲ್ಲಿದ್ದಾಗ ಆ ಸ್ಟೂಲಿನ ಮೇಲೆ ಒಬ್ಬರೇ ಉಣ್ಣುವವರ ಚಿಂತೆ. ಬೆನ್ನಿಗೆ ಬಸ್ಸಿನ ಸೀಟೇ ಹೆಚ್ಚು ರೂಢಿಯಾಗಿದೆ.

ಹೋದ ವಾರ ಪಕ್ಕದ ಹಳ್ಳಿ ಸೋನ್ಯಾಳದಿಂದ ಶಾಂತವ್ವ ಅಂಗಡಿಗೆ ಬಂದಿದ್ದಳು. ನನ್ನ ಹಳೆಯ ಗಿರಾಕಿ. ಮಗಳ ಮದುವೆಗೆ ತಾನು ತೊಡುವ ಜಂಪರ್‌ಗಳ ಬಟ್ಟೆಗಳನ್ನು ಮೇಜಿನ ಮೇಲೆ ಹರವಿ, ಹಿಂದೆಂದೂ ನನ್ನನ್ನು ಕೇಳದ ಮಾತು ಕೇಳಿದಳು: "ಎಂದ ಬಂದ್ಯವಾ? ಮತ್ತ ಎಂದ ಹೊಂಟಿ?"

ನಾನು ಹುಟ್ಟಿ ಬೆಳೆದ ಊರಿನಲ್ಲಿ, ನನ್ನದೇ ಅಂಗಡಿಯಲ್ಲಿ ನಿಂತಿದ್ದೆ. ಆದರೂ ಹೊರಡುವ ದಿನವನ್ನು ಮನಸ್ಸಿನಲ್ಲೇ ಎಣಿಸಿದೆ.

"ಇವು ನೀ ಹೋಗೂದ್ರಾಗ ಆಗತಾವಿಲ್ಲೋ?" ಎಂದಳು.

ಅಳತೆಯ ಟೇಪು ಅವಳ ಹೆಗಲಿಗಿಟ್ಟು, "ಆಗತಾವ್ರಿ" ಎಂದೆ.